ಬೈಗುಳದ ನೆಂಟಸ್ತನ

ವೈಲೆಲೆಯ ಹೆಣ್ಣುಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದ ದಿನ, ಬಸ್ಸಿನಿಂದ ಇಳಿಯುತ್ತಲೇ ನನ್ನ ಕಿವಿಗೆ ಬಿದ್ದದ್ದು ಜಗಳ. ಬಸ್‌ಸ್ಟ್ಯಾಂಡಿನ ತಗಡಿನ ಚಾವಣಿಯ ಕೆಳಗೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ವ್ಯಾಪಾರ ಮಾಡುತ್ತಿದ್ದರು. ಒಬ್ಬಳು ನಮ್ಮವಳು, ಭಾರತದಿಂದ ಕಬ್ಬಿನ ಗದ್ದೆಯ ಕೂಲಿಗೆ ಹಡಗು ಹತ್ತಿ ಬಂದವರ ವಂಶದವಳು, ರೊಟ್ಟಿ-ಪಲ್ಯದ ಪೊಟ್ಟಣ ಮಾರುವವಳು. ಇನ್ನೊಬ್ಬಳು ಫಿಜಿಯ ಮೂಲದವಳು, ಕೆಸುವಿನ ಗಡ್ಡೆ, ಮರಗೆಣಸು, ಹುರಿಯಲ್ಲಿ ಕಟ್ಟಿದ ಏಡಿ ಹರಡಿಕೊಂಡವಳು.

"ಏನೇ ಕೂಲಿಮುಂಡೆ, ಇನ್ನೂ ಇಲ್ಲೇ ಇದ್ದೀಯಾ? ನಿನ್ನ ಹಡಗು ಬಂದು ಎರಡು ಸಲ ಕೂಗಿ ಹೋಯ್ತಲ್ಲೇ!" ಎಂದಳು ಏಡಿಯವಳು.

"ಬಂದಿತ್ತು ಕಣೇ," ಎಂದಳು ರೊಟ್ಟಿಯವಳು, ತಲೆ ಎತ್ತದೆ. "ದಡದಲ್ಲಿ ನಿನ್ನ ಮೂತಿ ನೋಡಿ ಕ್ಯಾಪ್ಟನ್ನು ಹೆದರಿಕೊಂಡು ಹಂಗೇ ತಿರುಗಿಸ್ಕೊಂಡು ಹೋದ. ಮನುಷ್ಯರನ್ನ ತಿನ್ನೋ ಜಾತಿ ನಿಂದು."

"ನಮ್ಮಜ್ಜ ನಿಮ್ಮೋರಲ್ಲಿ ಒಬ್ಬನ್ನ ತಿಂದು ನೋಡಿದ್ದ. ಒಂದೇ ತುತ್ತಿಗೆ ಉಗಿದುಬಿಟ್ಟ. ಬರೀ ಅರಿಶಿನದ ನಾತ ಅಂತೆ!"

ಬಸ್ಸು ಕಾಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ನಗಲಿಲ್ಲ. ರಾಜಧಾನಿ ಸುವಾದಲ್ಲಿ ಓದಿ, ವಿದೇಶದಲ್ಲಿ ಇನ್ನಷ್ಟು ಓದಿ ಬಂದವಳು ನಾನು. ಇಂಥ ಮಾತಿಗೆ ಪೊಲೀಸರನ್ನು ಕರೆಯಬೇಕೆಂಬ ನಂಬಿಕೆಯವಳು. ನನ್ನ ಮುಖ ನೋಡಿ ಬಸ್ಸಿನ ಡ್ರೈವರ್ ಹೇಳಿದ: "ಗಾಬರಿಯಾಗ್ಬೇಡಿ ಟೀಚರಮ್ಮ. ಅವರಿಬ್ಬರೂ ತೌವು."

ತೌವು ಎಂದರೆ ಬೈಗುಳದ ನೆಂಟರು. ಯಾವುದೋ ಕಾಲದಲ್ಲಿ ಎರಡು ಸೀಮೆಗಳ ಮೂಲದೇವರು ಒಂದೇ ಆಗಿದ್ದರೆ, ಆ ಎರಡು ಸೀಮೆಯವರು ಎಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಬಾಯಿತುಂಬ ಬೈಯಬೇಕು. ಮನೆಗೆ ನುಗ್ಗಿ ಬೇಕಾದ್ದನ್ನು ಎತ್ತಿಕೊಂಡು ಹೋಗಬಹುದು. ಕೋಪ ಬಂದವನೇ ಸೋತವನು. ಅವರ ನಡುವೆ ತಪ್ಪು ಎಂಬುದೇ ಇಲ್ಲವಾದ್ದರಿಂದ ಕ್ಷಮೆ ಕೇಳುವ ಮಾತೂ ಇಲ್ಲ. ಸತ್ತವರ ಮನೆಯಲ್ಲಿ ಕೂಡ ತೌವು ಬಂದು ಹೆಣಕ್ಕೆ ಅಡ್ಡಹೆಸರಿಟ್ಟು ಕರೆದರೆ ಅಳುವವರು ನಗಬೇಕಾಗುತ್ತದೆ.

ಆದರೆ ಒಬ್ಬ ಭಾರತೀಯ ಹೆಂಗಸು ತೌವು ಆಗುವುದೆಂತು? ಅವಳ ದೇವರು ಹಡಗಿನಲ್ಲಿ ಬಂದವನು. ಈ ಪ್ರಶ್ನೆಯನ್ನು ನಾನು ಮುಂದೆ ಒಂದು ದಿನ ಏಡಿಯವಳನ್ನೇ ಕೇಳಿದೆ. ಅವಳ ಹೆಸರು ಸಲಸೇನಿ. ದಕ್ಷಿಣದ ದೂರದ ದ್ವೀಪದಿಂದ ಈ ಊರಿಗೆ ಸೊಸೆಯಾಗಿ ಬಂದವಳು.

"ಏನ್ ಮಾಡ್ಲಿ ಟೀಚರಮ್ಮ, ನಮ್ಮ ದ್ವೀಪದ ತೌವುಗಳು ಇಲ್ಲಿ ಒಬ್ಬರೂ ಇಲ್ಲ. ಅತ್ತೆ ಮನೇಲಿ ಬಾಯಿ ಬಿಡಂಗಿಲ್ಲ, ಚರ್ಚಲ್ಲಿ ಬಿಡಂಗಿಲ್ಲ. ಬೈಯೋಕೆ ಒಂದು ಪ್ರಾಣಿನೂ ಇಲ್ಲದ ಊರಲ್ಲಿ ಮನುಷ್ಯ ಬದುಕ್ತಾನಾ? ಪಕ್ಕದಲ್ಲಿ ಈ ಕೂಲಿ ಇದ್ಲು. ಒಂದಿನ ಬೈದು ನೋಡ್ದೆ. ವಾಪಸ್ ಬೈದ್ಲು. ಚೆನ್ನಾಗಿ ಬೈದ್ಲು! ಅವತ್ತಿಂದ ಇವಳೇ ನನ್ನ ತೌವು."

ರೊಟ್ಟಿಯವಳ ಹೆಸರು ಸುಖ್‌ರಾಜಿ. ಅವಳು ಹುಟ್ಟಿದ್ದು ಸಕ್ಕರೆ ಕಂಪನಿಯ ಹಳೆಯ ಕೂಲಿಮನೆಗಳ ಸಾಲಿನಲ್ಲಿ. ಶಾಲೆಗೆ ಹೋದದ್ದು ಸ್ವಲ್ಪವೇ. ಹಾಡಿನಂತೆ ಓಡುವ ಅಲ್ಲಿನ ಫಿಜಿ ಭಾಷೆಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ನಾನು ಆ ಭಾಷೆಯನ್ನು ವ್ಯಾಕರಣದಿಂದ ಕಲಿತೆ, ಅವಳು ನದಿಯಲ್ಲಿ ಬಟ್ಟೆ ಒಗೆಯುತ್ತ ಕಲಿತಳು. ಗಂಡ ಬಿಸೇಸರ ಲಾರಿ ಓಡಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನು ಅಲ್ಲಿನ ಗೌರವದ ಕಾಣಿಕೆಯಾದ ತಿಮಿಂಗಿಲದ ಹಲ್ಲೊಂದನ್ನು ಹಗ್ಗಕ್ಕೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ನೆಲದ ಒಡೆತನವಿದ್ದ ಊರಿನ ಕುಲದ ಆಗಿನ ಯಜಮಾನನ ಮುಂದೆ ಕೂತು, ಮನೆ ಕಟ್ಟಲು ಜಾಗ ಕೇಳಿದ. ಯಜಮಾನ ಹಲ್ಲನ್ನು ಮುಟ್ಟಿ "ಇರು" ಎಂದ. ಅಷ್ಟೇ. ಅದಕ್ಕೆ ಕಾಗದವಿಲ್ಲ, ಮೊಹರಿಲ್ಲ. ಆ ಮಾತಿನ ಮೇಲೆ ಮನೆ ನಿಂತಿತು, ಹಿತ್ತಲಲ್ಲಿ ಮಾವು ಬಂತು, ಮರಗೆಣಸು ಬಂತು, ಒಬ್ಬಳು ಮಗಳು ಹುಟ್ಟಿ ಬೆಳೆದು ದೊಡ್ಡ ದ್ವೀಪದ ನಂದಿ ಪಟ್ಟಣಕ್ಕೆ ಮದುವೆಯಾಗಿ ಹೋದಳು. ಬಿಸೇಸರ ಎದೆನೋವಿನಿಂದ ಸತ್ತ. ಕೇಳಿದವನೂ ಇಲ್ಲ, ಕೊಟ್ಟವನೂ ಇಲ್ಲ, ಮಾತು ಮಾತ್ರ ಉಳಿಯಿತು. ಊರಲ್ಲಿ ಯಾರು ಸತ್ತರೂ ಸುಖ್‌ರಾಜಿ ಒಂದು ಚೀಲ ಅಕ್ಕಿ, ಒಂದು ಸುರುಳಿ ಬಟ್ಟೆ ಹೊತ್ತುಕೊಂಡು ಹೋಗಿ ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂರುತ್ತಿದ್ದಳು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆ ಇರಲಿಲ್ಲ. ಅಳಿಯನ ಮನೆ ಎರಡು ಕೋಣೆಯದು, ಅದರಲ್ಲಿ ಅವನ ತಾಯಿಯೂ ಇದ್ದಳು.

ನಮ್ಮ ಜನ ಸುಖ್‌ರಾಜಿಯನ್ನು ಮೆಚ್ಚುತ್ತಿರಲಿಲ್ಲ. "ಆ ಜಂಗ್ಲಿಗಳ ಜೊತೆ ಹಲ್ಲು ಕಿರೀತಾ ಕೂರೋದೇನು, ಗಂಡಸತ್ತೋಳು," ಎನ್ನುತ್ತಿದ್ದರು ಅಂಗಡಿ ಸಾಲಿನ ಹೆಂಗಸರು. ಜಂಗ್ಲಿ ಎಂಬ ಮಾತು ನಮ್ಮ ಅಡುಗೆಮನೆಗಳಲ್ಲಿ ಉಪ್ಪಿನ ಹಾಗೆ ಬಳಕೆಯಾಗುತ್ತಿತ್ತು. ಮಗು ಬರಿಗಾಲಲ್ಲಿ ಓಡಿದರೆ ಜಂಗ್ಲಿ, ತಲೆ ಬಾಚದಿದ್ದರೆ ಜಂಗ್ಲಿ. ನನ್ನ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಪದವೀಧರರು ಚಹಾ ಕುಡಿಯುತ್ತ, "ಅವರ ತಲೆಗೆ ಗಣಿತ ಹತ್ತಲ್ಲ ಬಿಡಿ," ಎಂದು ಮೆಲ್ಲಗೆ ಹೇಳುತ್ತಿದ್ದರು. ಫಿಜಿಯನ್ ಉಪಾಧ್ಯಾಯಿನಿ ಒಳಗೆ ಬಂದರೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು. ಆಕೆಯ ಊರಿನ ಸಭೆಗಳಲ್ಲೂ ಹೀಗೇ ಇತ್ತೆಂದು ನನಗೆ ಗೊತ್ತು. ಅಲ್ಲಿ ನಮಗೆ ವುಲಾಂಗಿ ಎನ್ನುತ್ತಿದ್ದರು. ವುಲಾಂಗಿ ಎಂದರೆ ಅತಿಥಿ. ನಾಲ್ಕು ತಲೆಮಾರು ಆ ಮಣ್ಣಿನಲ್ಲಿ ಸತ್ತವರಿಗೆ ಆ ಹೆಸರು. ಇಡೀ ವೈಲೆಲೆಯಲ್ಲಿ ಬೈಗುಳವನ್ನು ಮುಖಕ್ಕೆ ನೇರವಾಗಿ, ಬೆಳಕಿನಲ್ಲಿ, ಉತ್ತರ ಬರಲೆಂದು ಕಾಯುತ್ತ ಆಡುತ್ತಿದ್ದವರು ಈ ಇಬ್ಬರು ಹೆಂಗಸರು ಮಾತ್ರ. ಬೈದ ಬಾಯಿಗೇ ಸುಖ್‌ರಾಜಿಯ ರೊಟ್ಟಿ, ಇವಳ ಸಾರಿಗೆ ಸಲಸೇನಿಯ ಏಡಿ. ಸಲಸೇನಿಯ ಗಂಡ ಸತ್ತಾಗ ಸುಖ್‌ರಾಜಿ ಹೆಣದ ಪಕ್ಕ ಕೂತು, "ಇವಳ ಬಾಯಿಂದ ತಪ್ಪಿಸ್ಕೊಳ್ಳೋಕೆ ಬೇರೆ ದಾರಿ ಸಿಗಲಿಲ್ವೇನಪ್ಪಾ," ಎಂದು ಕೇಳಿದ್ದಳು. ಸಲಸೇನಿ ಅಳುತ್ತಳುತ್ತ ನಕ್ಕಿದ್ದಳು.

ಎರಡು ಸಾವಿರದನೆಯ ಇಸವಿಯ ಮೇ ತಿಂಗಳಲ್ಲಿ ಸುವಾದ ಸಂಸತ್ತಿಗೆ ಬಂದೂಕಿನವರು ನುಗ್ಗಿ ಸರ್ಕಾರವನ್ನೇ ಒತ್ತೆಯಿಟ್ಟುಕೊಂಡರು. ಪ್ರಧಾನಿ ನಮ್ಮವನೆಂಬುದೇ ಅದಕ್ಕೆ ನೆಪ. ನಾನು ಆಗಲೇ ನಿವೃತ್ತಳಾಗಿ, ಶಾಲೆಯ ಹಿಂದಿನ ಓಣಿಯಲ್ಲಿ ಮನೆ ಮಾಡಿಕೊಂಡಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನೀರಿಗೆ ಕದಡಿ ಕುಡಿಯುವ ಯಂಗೋನ ಬೇರಿನ ಪುಡಿ ಮಾರುವ ಪೆನಿಯಾಸಿಯ ಮೇಜಿನ ಮೇಲೊಂದು ರೇಡಿಯೋ ಇತ್ತು. ಪೆನಿಯಾಸಿ ಸಲಸೇನಿಯ ಮೈದುನ, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಹೇಳಿಕೊಡುವವನು. ಕುಡುಕನಲ್ಲ, ಪುಂಡನಲ್ಲ. ಹಿಂದೆ ಆ ರೇಡಿಯೋದಲ್ಲಿ ರಗ್ಬಿ ಪಂದ್ಯ ಬರುತ್ತಿತ್ತು. ಈಗ ಬೆಳಗಿನಿಂದ ಸಂಜೆಯವರೆಗೆ ಮಾತು.

ಆ ಮಾತನ್ನು ನಾನು ಗಮನವಿಟ್ಟು ಕೇಳಿದೆ. ನನ್ನ ಕಸುಬೇ ಅದಾಗಿತ್ತು. ರೇಡಿಯೋದಲ್ಲಿ ಒಬ್ಬನೂ ಕೂಲಿ ಎನ್ನಲಿಲ್ಲ, ಒಬ್ಬನೂ ಕೆಟ್ಟ ಮಾತು ಆಡಲಿಲ್ಲ. ಬಹಳ ಸಭ್ಯವಾಗಿ, ಬೈಬಲಿನ ಲಯದಲ್ಲಿ, "ನಮ್ಮ ಅತಿಥಿಗಳು" ಎನ್ನುತ್ತಿದ್ದರು. ಅತಿಥಿಗಳ ಬಗ್ಗೆ ನಮಗೆ ದ್ವೇಷವಿಲ್ಲ. ಅತಿಥಿಗಳು ಊಟ ಮಾಡಲಿ, ಆದರೆ ಮನೆಯ ತೊಲೆಯನ್ನು ಲೆಕ್ಕ ಹಾಕದಿರಲಿ. ಅತಿಥಿ ಯಾವಾಗ ಎದ್ದು ಹೊರಡಬೇಕೆಂದು ಒಳ್ಳೆಯ ಅತಿಥಿಗೆ ತಿಳಿದಿರುತ್ತದೆ. ದಿನವೂ ಇದೇ. ನಮ್ಮ ಕಡೆಯ ಮುಖಂಡರೂ ಇನ್ನೊಂದು ಕೇಂದ್ರದಲ್ಲಿ "ಈ ದೇಶವನ್ನು ಬೆವರು ಸುರಿಸಿ ಕಟ್ಟಿದವರು ನಾವು" ಎನ್ನುತ್ತಿದ್ದರು, ನಾವು ಬರುವ ಮುನ್ನ ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ. ಎರಡೂ ಕಡೆಯ ಮಾತು ಚೆನ್ನಾಗಿ ಇಸ್ತ್ರಿ ಮಾಡಿದ್ದು.

ಒಂದು ವಾರದ ನಂತರ ನಾನು ತರಕಾರಿಗೆ ಹೋದಾಗ ಸಲಸೇನಿ ಎಂದಿನಂತೆ ಶುರು ಮಾಡಿದಳು.

"ಏನೇ ಕೂಲಿ, ಹಡಗು ಹತ್ತಲಿಲ್ವಾ ಇನ್ನೂ? ಗಂಟುಮೂಟೆ ನಾನೇ ಕಟ್ಟಿಕೊಡ್ಲಾ?"

ರೇಡಿಯೋದ ಸುತ್ತ ಕೂತಿದ್ದ ಗಂಡಸರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಪೆನಿಯಾಸಿ ತಲೆಯಾಡಿಸಿ, "ಸರಿಯಾಗಿ ಹೇಳಿದ್ರಿ ಅತ್ತಿಗೆ. ಹೇಳಬೇಕಾದ್ದೇ," ಎಂದ.

ಸಲಸೇನಿ ಅವನ ಕಡೆ ತಿರುಗಿದಳು. "ನಿನಗ್ಯಾರೋ ಕೇಳಿದ್ರು? ಇದು ನಮ್ಮಿಬ್ಬರದ್ದು."

"ಸತ್ಯ ಯಾರ ಬಾಯಿಂದ ಬಂದರೇನು?" ಎಂದ ಅವನು, ನಗದೆ.

ಸುಖ್‌ರಾಜಿ ಗಾಳಿ ಬದಲಾದದ್ದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಹಳೆಯ ಗಾಳಿಯನ್ನು ತರಲು ನೋಡಿದಳೋ ನನಗೆ ತಿಳಿಯದು. ಗಂಟಲೇರಿಸಿ ತನ್ನ ಪಾಲಿನದನ್ನು ಹೇಳಿಯೇಬಿಟ್ಟಳು.

"ನಾನ್ಯಾಕೆ ಹೋಗ್ಲೇ ಕಾಡುಮುಂಡೆ? ಇರು, ಒಂದಿನ ನಿಮ್ಮ ಕುಲದ ಸಭಾಮನೇನೇ ನನ್ನ ದನದ ಕೊಟ್ಟಿಗೆ ಮಾಡ್ಕೋತೀನಿ. ನಿಮ್ಮ ಗಂಡಸರು ಬೆಳಗ್ಗೆದ್ದು ಸಗಣಿ ಬಾಚ್ತಾರೆ. ನೀನು ಹಾಲು ಕರೀತೀಯ."

ಇದು ಅವಳು ನೂರಾರು ಸಲ ಹೇಳಿದ್ದ ಮಾತು. ಈ ಮಾತಿಗೇ ಬಸ್ಸಿನ ಡ್ರೈವರುಗಳು ಹಾರನ್ ಒತ್ತಿ ಸಂತೋಷಪಡುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ರೇಡಿಯೋ ಮಾತ್ರ ಮಾತಾಡುತ್ತಿತ್ತು. ಸಲಸೇನಿ ಬಗ್ಗಿ ಏಡಿಗಳ ಹುರಿ ಬಿಗಿ ಮಾಡತೊಡಗಿದಳು, ಅವು ಆಗಲೇ ಬಿಗಿಯಾಗಿದ್ದರೂ.

ಮುಂದಿನ ಗುರುವಾರ ಸುಖ್‌ರಾಜಿ ನನ್ನ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಶನಿವಾರ ಕುಲದ ಸಭೆ ಅಂತೆ ಟೀಚರಮ್ಮ. ನನ್ನ ಮನೆ ಜಾಗದ ವಿಷಯ. ನಾನು ಇರಬೇಕೋ ಬಿಡಬೇಕೋ ಅಂತ ತೀರ್ಮಾನ ಮಾಡ್ತಾರಂತೆ. ನನ್ನನ್ನೂ ಬರಹೇಳಿದಾರೆ."

"ಏನು ದೂರು?"

"ಕೊಟ್ಟಿಗೆ." ಅವಳು ಗೋಡೆ ನೋಡುತ್ತ ಹೇಳಿದಳು. "ಸಭಾಮನೆ ಕಿತ್ಕೊಂಡು ಕೊಟ್ಟಿಗೆ ಮಾಡ್ತೀನಿ ಅಂತ ಬೆದರಿಕೆ ಹಾಕಿದೀನಂತೆ. ಪೆನಿಯಾಸಿ ಸಾಕ್ಷಿ ಹೇಳ್ತಾನಂತೆ. ಅವನ ಮದುವೆಗೆ ಮುನ್ನೂರು ರೊಟ್ಟಿ ತಟ್ಟಿದೋಳು ನಾನು. ಸಗಣಿ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗ್ತಿದ್ದೋನೂ ಅವನೇ."

"ಈಗಿನ ಸುದ್ದಿ ಕೇಳಿದ ಮೇಲೆ ಅದೇ ಮಾತು ಅವನ ಕಿವಿಗೆ ಬೇರೆ ಥರ ಕೇಳುತ್ತೆ."

"ಮಾತು ಅದೇ ಅಲ್ವಾ? ನಾನೂ ಅದೇ ಸುಖ್‌ರಾಜಿ ಅಲ್ವಾ?" ಬಾಗಿಲ ಕಡೆ ತಿರುಗಿ, "ನೀವು ಬನ್ನಿ ಜೊತೆಗೆ. ಅಲ್ಲಿ ಬಾಯಿ ಹಿಡಿತದಲ್ಲಿಟ್ಕೋತೀನಿ. ಮರ್ಯಾದೆಯಾಗಿ ಎರಡೇ ಮಾತು ಆಡ್ತೀನಿ. ಮನೆ ಒಂದು ಉಳಿದ್ರೆ ಸಾಕು ಟೀಚರಮ್ಮ, ನನಗೆ ಇನ್ನೇನೂ ಬೇಡ," ಎಂದಳು.

ಶನಿವಾರ ಮಧ್ಯಾಹ್ನ ಹೋದೆವು. ಅವಳು ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದಿದ್ದಳು. ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಹಿರಿಯರಿಗೆ ಹೇಳಬೇಕಾದ ಗೌರವದ ಮಾತನ್ನು ಉರು ಹೊಡೆಯುತ್ತಿದ್ದಳು. ಸಭಾಮನೆಯಲ್ಲಿ ಗಂಡಸರು ಯಂಗೋನದ ದೊಡ್ಡ ಮರದ ಬೋಗುಣಿಯ ಸುತ್ತ ಕೂತಿದ್ದರು. ಹೆಂಗಸರ ಜಾಗ ಬಾಗಿಲ ಬಳಿ. ನಾವಿಬ್ಬರೂ ಅವರಿಗಿಂತ ಇನ್ನೂ ಹಿಂದೆ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತೆವು. ನಾವು ತಂದ ಯಂಗೋನ ಬೇರಿನ ಕಟ್ಟನ್ನು ಸ್ವೀಕರಿಸಿದರು. ಕೈ ತಟ್ಟಿದರು. ಎಲ್ಲವೂ ಪದ್ಧತಿಯಂತೆ ನಡೆಯಿತು.

ಈಗಿನ ಯಜಮಾನ ಇಲೈಸಾ ಮುದುಕ, ಮೃದು ಸ್ವಭಾವದವನು. ಅವನೇ ಪೆನಿಯಾಸಿಗೆ ಮಾತಾಡಲು ಹೇಳಿದ. ಪೆನಿಯಾಸಿ ತಲೆ ತಗ್ಗಿಸಿ, ಒಂದು ಅಕ್ಷರವನ್ನೂ ಸೇರಿಸದೆ, ಒಂದನ್ನೂ ಬಿಡದೆ, ಅವಳ ಮಾತನ್ನು ಹೇಳಿದ. ಸಭಾಮನೆ, ಕೊಟ್ಟಿಗೆ, ಸಗಣಿ, ಹಾಲು. ಆ ಮನೆಯೊಳಗೆ, ಆ ಮೌನದಲ್ಲಿ, ಸಣ್ಣ ದನಿಯಲ್ಲಿ ಹೇಳಿದಾಗ ಅದು ನನಗೇ ಬೆದರಿಕೆಯಂತೆ ಕೇಳಿಸಿತು.

"ಹೀಗೆ ಅಂದಿಯೇನಮ್ಮ?" ಎಂದು ಇಲೈಸಾ ಕೇಳಿದ.

"ಅಂದೆ ಹಿರಿಯರೇ. ಇಪ್ಪತ್ತು ವರ್ಷದಿಂದ ಅಂತಾನೇ ಇದೀನಿ."

ಯಾರೋ ಉಸಿರೆಳೆದುಕೊಂಡರು. ತನ್ನನ್ನು ಕಾಯುತ್ತದೆಂದು ಅವಳು ಹೇಳಿದ ಮಾತು ಇನ್ನೊಂದು ಹೆಡೆಯೆತ್ತಿತು. ಇಪ್ಪತ್ತು ವರ್ಷದಿಂದ!

"ತಮಾಷೆಗೆ ಅಂದಿಯೋ?"

"ತಮಾಷೆಗೆ. ಮತ್ತೆ ಯಾಕನ್ನಲಿ? ನಾವು ತೌವು."

ಪೆನಿಯಾಸಿ ನಯವಾಗಿಯೇ ಕೇಳಿದ: "ತೌವು ಆಗೋಕೆ ಒಂದೇ ದೇವರ ಹೊಟ್ಟೇಲಿ ಹುಟ್ಟಿರಬೇಕು ಅಕ್ಕ. ನಿಮ್ಮ ದೇವರು ಯಾವುದು? ನಮ್ಮ ಹಿರಿಯರು ದಡಕ್ಕೆ ಬಂದಾಗ ಅವನು ಯಾವ ದೋಣೀಲಿದ್ದ? ನೆಂಟರ ನಡುವೆ ಆಡಿದ್ರೆ ಅದು ಆಟ. ನೆಂಟರಲ್ಲದೋರು ಆಡಿದ್ರೆ ಅದು ಮನಸ್ಸಿನ ಮಾತು. ನಾವು ಇಷ್ಟು ವರ್ಷ ನಕ್ಕಿದ್ದು ನಮ್ಮ ದಡ್ಡತನ."

ಸುತ್ತಲಿನವರು ತಲೆಯಾಡಿಸಿದರು. ಅವರಲ್ಲಿ ಅರ್ಧ ಜನ ಅವಳ ಪೊಟ್ಟಣ ತಿಂದು ಬೆಳೆದವರು. ಮುಖಗಳಲ್ಲಿ ದ್ವೇಷವಿರಲಿಲ್ಲ, ತಡವಾಗಿ ತಿಳಿವಳಿಕೆ ಬಂದವರ ಬೇಸರವಿತ್ತು. ಅದು ದ್ವೇಷಕ್ಕಿಂತ ಕಷ್ಟದ್ದು. ದ್ವೇಷಿಸುವವನೊಡನೆ ಜಗಳವಾಡಬಹುದು.

ಇಲೈಸಾ ಹೆಂಗಸರ ಕಡೆ ನೋಡಿದ. "ಸಲಸೇನಿ, ನೀನು ಹೇಳು. ಇವಳು ನಿನ್ನ ತೌವು ಹೌದೋ?"

ಸಲಸೇನಿ ಎದ್ದು ನಿಲ್ಲಲಿಲ್ಲ. ಆ ಮನೆಯಲ್ಲಿ ಹೆಂಗಸು ನಿಂತು ಮಾತಾಡುವಂತಿಲ್ಲ. ಅವಳೂ ಬೇರೆ ದ್ವೀಪದವಳೇ. ಗಂಡ ಸತ್ತ ಮೇಲೆ ಆ ಕುಲದ ಒಪ್ಪಿಗೆಯ ಮೇಲೇ ಅಲ್ಲಿ ಉಳಿದವಳು. ಚಾಪೆಯ ಅಂಚನ್ನು ಬೆರಳಲ್ಲಿ ಒತ್ತಿದಳು. ಆಮೇಲೆ ಯಜಮಾನನಿಗೆ ಉತ್ತರ ಕೊಡದೆ, ಕೂತಲ್ಲಿಂದಲೇ ಸುಖ್‌ರಾಜಿಯ ಕಡೆ ಹೊರಳಿ, ಬಸ್‌ಸ್ಟ್ಯಾಂಡಿನ ಗಂಟಲಿನಲ್ಲಿ ಕೂಗಿದಳು:

"ಏ ಕೂಲಿ ನಾಯಿ! ನಮ್ಮ ಮಣ್ಣು ತಿಂದು ಹೊಟ್ಟೆ ಬೆಳೆಸ್ಕೊಂಡು, ಈಗ ಬಿಳಿ ಸೀರೆ ಉಟ್ಕೊಂಡು ಹೊಸ್ತಿಲಲ್ಲಿ ಬೆಕ್ಕಿನ ಥರ ಕೂತಿದೀಯಲ್ಲ, ನಾಚಿಕೆ ಇಲ್ವಾ? ಎದ್ದೋಗೇ! ಗಂಡನ ಬೂದೀನ ಬುಟ್ಟೀಲಿ ತುಂಬ್ಕೊಂಡು ಸಮುದ್ರಕ್ಕೆ ಬಿದ್ದೋಗೇ!"

ಸಲಸೇನಿ ಏನು ಮಾಡುತ್ತಿದ್ದಾಳೆಂದು ನನಗೆ ತಕ್ಷಣ ಅರ್ಥವಾಯಿತು. ತೌವು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆಗಿ ತೋರಿಸಬೇಕು. ಸತ್ತ ಗಂಡನ ಬೂದಿಯನ್ನು ಎಳೆದು ತರುವ ಮಾತನ್ನು ತೌವು ಬಿಟ್ಟು ಬೇರೆ ಯಾರೂ ಆಡಲಾರರು. ಇದಕ್ಕೆ ಸರಿಯಾದ ಉತ್ತರ ಬಂದು, ಒಬ್ಬನಾದರೂ ಮುದುಕ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರೆ ಪೆನಿಯಾಸಿಯ ವಾದ ಅಲ್ಲಿಗೆ ಮುಗಿಯುತ್ತದೆ, ಮನೆ ಉಳಿಯುತ್ತದೆ. ಸಲಸೇನಿಯ ಕಣ್ಣು ಸುಖ್‌ರಾಜಿಯ ಬಾಯಿಯ ಮೇಲೇ ನೆಟ್ಟಿತ್ತು. ಆಡು, ಆಡು ಎಂದು ಆ ಕಣ್ಣು ಬೇಡುತ್ತಿತ್ತು.

ಸುಖ್‌ರಾಜಿಯ ಬಾಯಿ ತೆರೆಯಿತು. ತುಟಿಯ ಮೂಲೆ ಒಮ್ಮೆ ಮೇಲಕ್ಕೆ ಹೋಯಿತು. ಆಗ ಅವಳ ದೃಷ್ಟಿ ಸಲಸೇನಿಯನ್ನು ದಾಟಿ ಹಿಂದೆ ಕೂತ ಗಂಡಸರ ಮೇಲೆ, ಪೆನಿಯಾಸಿಯ ಶಾಂತ ಮುಖದ ಮೇಲೆ ಬಿತ್ತು. ಬಾಯಿ ಮುಚ್ಚಿತು. ಅವಳು ಎರಡೂ ಕೈ ಜೋಡಿಸಿ ನೆಲದವರೆಗೆ ಬಗ್ಗಿದಳು.

"ತಪ್ಪಾಯ್ತು," ಎಂದಳು. "ನನ್ನನ್ನ ಕ್ಷಮಿಸಿ. ನಾನು ಇನ್ನು ಯಾರಿಗೂ ಏನೂ ಅನ್ನಲ್ಲ."

ಸಲಸೇನಿಯ ಗಂಟಲಿನಿಂದ ಒಂದು ಸದ್ದು ಬಂತು. ಮಾತಲ್ಲ.

ಗಂಡಸರು ತಲೆ ತಗ್ಗಿಸಿದರು. ಅವರಿಗೆ ನಿಜವಾಗಿ ಅವಮಾನವಾಗಿತ್ತು. ಇಲೈಸಾ ಹೇಳಿದ: "ಇದು ಆಗಬಾರದಿತ್ತು. ನಮ್ಮ ಮನೆಯೊಳಗೆ, ನಮ್ಮ ಅತಿಥಿಗೆ, ಸತ್ತ ಗಂಡನ ಹೆಸರೆತ್ತಿ! ಸಲಸೇನಿ, ಕ್ಷಮೆ ಕೇಳು. ಪದ್ಧತಿ ಪ್ರಕಾರ ಕೇಳು."

ಕ್ಷಮೆಯ ಕಾಣಿಕೆಗೆ ಇನ್ನೊಂದು ಬೇರಿನ ಕಟ್ಟನ್ನು ತಂದುಕೊಟ್ಟವನು ಪೆನಿಯಾಸಿಯೇ. ಸಲಸೇನಿ ಅದನ್ನು ಎರಡು ಕೈಯಲ್ಲಿ ಹಿಡಿದು ಮಂಡಿಯೂರಿ ನಮ್ಮ ಮುಂದೆ ಬಂದಳು. ಅವಳ ಗಲ್ಲ ಒದ್ದೆಯಾಗಿತ್ತು. ಯಾರೋ ಹೇಳಿಕೊಟ್ಟಂಥ ದನಿಯಲ್ಲಿ, "ನನ್ನ ಮಾತು ನಿಮ್ಮನ್ನು ನೋಯಿಸಿದೆ. ಈ ಚಿಕ್ಕ ಕಾಣಿಕೆ ಮುಟ್ಟಿ ನನ್ನನ್ನು ಮನ್ನಿಸಿ," ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಸುಖ್‌ರಾಜಿಗೆ 'ನಿಮ್ಮನ್ನು' ಎಂದದ್ದು ಅದೇ ಮೊದಲು.

ಆ ಕಟ್ಟನ್ನು ಮುಟ್ಟಿದರೆ ಎಲ್ಲ ಮುಗಿಯಿತು. ತೌವುಗಳ ನಡುವೆ ಕ್ಷಮೆಯಿಲ್ಲ. ಕ್ಷಮೆಯನ್ನು ಸ್ವೀಕರಿಸುವುದೆಂದರೆ ಆಗಿದ್ದು ಅವಮಾನವೆಂದು, ಇಬ್ಬರ ನಡುವೆ ನೆಂಟಸ್ತನ ಇರಲೇ ಇಲ್ಲವೆಂದು, ಹಿಂದಿನ ಮಾತೆಲ್ಲ ಮನಸ್ಸಿನದೇ ಎಂದು ಎಲ್ಲರೆದುರು ಒಪ್ಪಿದಂತೆ. ನಾನು ಅವಳ ಕಿವಿಯಲ್ಲಿ, "ಮುಟ್ಟಬೇಡ. ಬೈದು ತಳ್ಳು," ಎಂದೆ.

"ತಳ್ಳಿದ್ರೆ ಈ ಗಳಿಗೇಲೇ ಹೊರಗೆ ಹಾಕ್ತಾರೆ ಟೀಚರಮ್ಮ," ಎಂದು ಅವಳು ಪಿಸುಗುಟ್ಟಿದಳು. "ಮರ್ಯಾದೆಯಾಗಿದ್ರೆ ಮನೆ ಉಳಿಯತ್ತೆ."

ಮುಟ್ಟಿದಳು. ಉರು ಹೊಡೆದಿದ್ದ ಗೌರವದ ಮಾತನ್ನು ಒಂದೂ ತಪ್ಪದೆ ಒಪ್ಪಿಸಿದಳು. ಗಂಡಸರು ಕೈ ತಟ್ಟಿದರು. ಎಲ್ಲರಿಗೂ ಸಮಾಧಾನವಾದಂತಿತ್ತು. ಬೋಗುಣಿಯಿಂದ ಒಂದು ಚಿಪ್ಪು ಯಂಗೋನ ಅವಳಿಗೂ ಬಂತು, ಒಂದು ನನಗೂ.

ಆಮೇಲೆ ಇಲೈಸಾ ತೀರ್ಮಾನ ಹೇಳಿದ. ಅದನ್ನು ಹೇಳಲು ಅವನಿಗೆ ಕಷ್ಟವಾಯಿತೆಂಬುದು ಕಾಣುತ್ತಿತ್ತು. "ನೀವು ಒಳ್ಳೆಯ ಅತಿಥಿ. ನಿಮ್ಮನ್ನು ಯಾರೂ ಓಡಿಸೋದಿಲ್ಲ. ಹಿತ್ತಲ ಮರಗೆಣಸು ಕಿತ್ತು ಮುಗಿಯೋವರೆಗೆ ಇರಿ. ಅಷ್ಟರಲ್ಲಿ ನಿಮ್ಮ ಮಗಳ ಕಡೆ ಒಂದು ವ್ಯವಸ್ಥೆ ಮಾಡ್ಕೊಳ್ಳಿ. ಅತಿಥಿ ಬಂದ ಮೇಲೆ ಹೊರಡೋ ಹೊತ್ತೂ ಇರತ್ತಲ್ಲ ತಾಯಿ."

ಸುಖ್‌ರಾಜಿ ಆಗಲೂ ಕೈ ಮುಗಿದಳು. ಇನ್ನೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲವೆಂದು ಕಾಣುತ್ತದೆ.

ಉಳಿದ ದಿನಗಳಲ್ಲಿ ಅವಳು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬಿಡಲಿಲ್ಲ. ಇಬ್ಬರೂ ಅದೇ ಜಾಗದಲ್ಲಿ ಕೂರುತ್ತಿದ್ದರು. "ಬೆಳಗಿನ ವಂದನೆ," ಎನ್ನುತ್ತಿದ್ದಳು ಒಬ್ಬಳು. "ವಂದನೆ," ಎನ್ನುತ್ತಿದ್ದಳು ಇನ್ನೊಬ್ಬಳು. ಒಮ್ಮೆ ನನ್ನೆದುರಿಗೇ ಸಲಸೇನಿ ಸಣ್ಣ ದನಿಯಲ್ಲಿ, "ಏನೇ..." ಎಂದು ತೊಡಗಿ, ಸುಖ್‌ರಾಜಿ ಬೆಚ್ಚಿ ಸುತ್ತ ನೋಡಿದ್ದನ್ನು ಕಂಡು, "ಬಿಸಿಲು ಜಾಸ್ತಿ ಇವತ್ತು," ಎಂದು ಮುಗಿಸಿದಳು. ಪೆನಿಯಾಸಿ ಈಗ ಸುಖ್‌ರಾಜಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಊರಿನಲ್ಲಿ ಅಷ್ಟು ಸಭ್ಯತೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಂಗಡಿ ಸಾಲಿನ ನಮ್ಮ ಹೆಂಗಸರು, "ನಾವು ಆವತ್ತೇ ಹೇಳಿರಲಿಲ್ವಾ, ಜಂಗ್ಲಿಗಳನ್ನ ನಂಬಬೇಡ ಅಂತ," ಎಂದು ಅವಳಿಗೆ ಸಮಾಧಾನ ಹೇಳಿದರು. ಅವಳು ಅದಕ್ಕೂ ತಲೆಯಾಡಿಸಿದಳು.

ಆಗಸ್ಟ್ ಮುಗಿಯುವಾಗ ಅವಳು ಹೊರಟಳು. ನಬೌವಾಲು ಬಂದರಿನಿಂದ ದೊಡ್ಡ ದ್ವೀಪಕ್ಕೆ ಹೋಗುವ ದೋಣಿಯವರೆಗೆ ನಾನು ಜೊತೆಗೆ ಹೋದೆ. ಬಸ್ಸು ಕಡಲಂಚಿನ ದಾರಿಯಲ್ಲಿ ಕುಲುಕಾಡುತ್ತ ಸಾಗಿತ್ತು. ಬಸ್ಸು ಅರ್ಧ ಖಾಲಿ. ನಮ್ಮ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಫಿಜಿಯನ್ ಹೆಂಗಸಿದ್ದಳು, ಬೇರೆ ಯಾವುದೋ ಊರಿನವಳು. ಹತ್ತುವಾಗ ನಮ್ಮನ್ನು ನೋಡಿ ನಕ್ಕಿದ್ದಳು. ಮಗು ಹಿಂದಕ್ಕೆ ತಿರುಗಿ ಸುಖ್‌ರಾಜಿಯ ಬಳೆ ಮುಟ್ಟುತ್ತಿತ್ತು.

ಸುಖ್‌ರಾಜಿ ಇದ್ದಕ್ಕಿದ್ದಂತೆ, "ಬುಟ್ಟಿ ಯಾಕೆ ಬೇಕಿತ್ತು ಟೀಚರಮ್ಮ?" ಎಂದಳು.

"ಯಾವ ಬುಟ್ಟಿ?"

"ಬೂದಿ ತುಂಬ್ಕೊಳ್ಳೋಕೆ. ಹೇಳಬೇಕಿತ್ತು ಅವಳಿಗೆ. ಬುಟ್ಟಿ ಯಾಕೇ, ನಿನ್ನ ತಲೆಬುರುಡೆ ಕೊಡೇ, ಒಳಗೆ ಹೆಂಗಿದ್ರೂ ಖಾಲಿ ಅಂತ." ಅವಳ ಕಣ್ಣಿನಲ್ಲಿ ಹಳೆಯ ಕಿಡಿ ಎದ್ದಿತ್ತು. "ಇದು ಅವತ್ತು ಸಂಜೆ ಮನೆಗೆ ಹೋಗ್ತಾ ಹೊಳೀತು. ಆಮೇಲೆ ದಿನಾ ಒಂದೊಂದು ಹೊಳೀತಾನೇ ಇದೆ. ಅಲ್ಲಿ ಕೂತಾಗ ಒಂದೂ ಬರಲಿಲ್ಲ ನೋಡಿ, ಒಂದೂ!"

"ಸುಖ್‌ರಾಜಿ, ಮೆಲ್ಲಗೆ."

ಅವಳಿಗೆ ಕೇಳಿಸಲಿಲ್ಲ. ಫಿಜಿ ಭಾಷೆಗೆ ಹೊರಳಿದ್ದಳು, ಏಕೆಂದರೆ ಆ ಮಾತುಗಳು ಆ ಭಾಷೆಯಲ್ಲೇ ಹುಟ್ಟಿದ್ದವು. ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಯಾರೋ ಕೂತಿರುವಂತೆ ಕೈ ಬೀಸುತ್ತ, ದನಿ ಏರಿಸುತ್ತ ಹೋದಳು.

"ನಾಯಿ ಅಂದೆಯಲ್ಲೇ! ಹೌದು ಕಣೇ, ನಾಯಿನೇ! ಅದಕ್ಕೇ ನಿನ್ನ ಮನೇಲಿ ಬಿದ್ದಿದ್ದೆ. ನಿಮ್ಮಜ್ಜ ಮನುಷ್ಯರನ್ನ ತಿಂದು ಬಿಟ್ಟ ಮೂಳೆ ಎಲ್ಲಿಟ್ಟಿದೀಯ, ತಗೊಂಡು ಬಾ! ಮಣ್ಣು ತಿಂದೆ ಅಂತೀಯಾ? ನಿಮ್ಮ ಮಣ್ಣಲ್ಲಿ ಏನಿದೆಯೇ ಕಾಡುಮುಂಡೆ, ತಿಂದೋರ ಹಲ್ಲು ಬಿಟ್ಟು! ನಿನ್ನನ್ನ ಬೇಯಿಸಿದ್ರೂ ಬೇಯಲ್ಲ, ನಿಮ್ಮ ಜಾತಿನೇ ಬೇಯಲ್ಲ..."

ಅವಳು ನಗುತ್ತಿದ್ದಳು. ಮುಖದ ಮೇಲೆ ನೀರು ಇಳಿಯುತ್ತಿದ್ದರೂ ಅದು ನಗೆಯೇ. ಉತ್ತರಕ್ಕಾಗಿ ತಡೆದು, ಉತ್ತರ ಬಾರದೆ, ಮುಂದಿನದಕ್ಕೆ ಹೋಗುತ್ತಿದ್ದಳು. ಎಲ್ಲ ಒಳ್ಳೆಯ ಉತ್ತರಗಳು. ಅವತ್ತು ಸಭೆಯಲ್ಲಿ ಒಂದು ಸಾಕಾಗಿತ್ತು.

ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ ನೋಡಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಎಲ್ಲಿಂದ ಶುರು ಮಾಡಿದರೆ ಆಕೆ ನಂಬುತ್ತಾಳೆಂದು ನನಗೆ ಹೊಳೆಯಲಿಲ್ಲ. ಆಕೆ ಬಳೆ ಹಿಡಿದಿದ್ದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಎದೆಗೆ ಅವುಚಿಕೊಂಡು, ಓಲಾಡುವ ಬಸ್ಸಿನಲ್ಲಿ ಸೀಟುಗಳನ್ನು ಹಿಡಿದುಕೊಳ್ಳುತ್ತ ಡ್ರೈವರನ ಹತ್ತಿರದ ಸಾಲಿಗೆ ಹೋಗಿ ಕೂತಳು.